ಹೆಣವಾಗಬಲ್ಲ ವೆಲಿಕಾ

ಡ್ಯಾನ್ಯೂಬ್ ದಡದ ಆ ಊರಿನಲ್ಲಿ ವೆಲಿಕಾಳಷ್ಟು ಚೆನ್ನಾಗಿ ಸಾಯುವವರು ಇನ್ನೊಬ್ಬರಿರಲಿಲ್ಲ. ಬೇಸಿಗೆ ಬಂತೆಂದರೆ ಕಿರುಚಿತ್ರಗಳ ಹಬ್ಬಕ್ಕೆಂದು ಹುಡುಗ ಹುಡುಗಿಯರು ಕ್ಯಾಮೆರಾ ಹೊತ್ತು ಬಂದಿಳಿಯುತ್ತಿದ್ದರು. ಒಬ್ಬೊಬ್ಬರ ಸಿನಿಮಾಗೂ ಮೂರೇ ನಿಮಿಷ. ಅಷ್ಟರಲ್ಲಿ ನೋಡುವವರ ಎದೆ ಹಿಂಡಬೇಕೆಂದರೆ ಒಬ್ಬ ಅಜ್ಜಿಯನ್ನು ಸಾಯಿಸುವುದೇ ಹತ್ತಿರದ ದಾರಿ. ಮೆಣಸಿನಕಾಯಿ ಡಬ್ಬಿಗೆ ತುಂಬುವ ಕಾರ್ಖಾನೆಯಿಂದ ನಿವೃತ್ತಳಾದ ವೆಲಿಕಾ ಉಸಿರು ಬಿಗಿಹಿಡಿದು ಮಲಗಿದಳೆಂದರೆ ಮೂಗಿನ ಮೇಲೆ ನೊಣ ಕೂತರೂ ಕದಲುತ್ತಿರಲಿಲ್ಲ.

ಈ ಖಯಾಲಿಯಿಂದಲೇ ಅಕ್ಕ ದೋನ್ಕಾ ದೂರವಾದದ್ದು. ಅಮ್ಮನ ಕಾಲದ ತಾಮ್ರದ ಹಂಡೆಯನ್ನು ವೆಲಿಕಾ ಯಾವನೋ ಹುಡುಗನಿಗೆ ಚಿತ್ರೀಕರಣಕ್ಕೆಂದು ಕೊಟ್ಟಳು. ಹುಡುಗ ಹೋದ, ಹಂಡೆಯೂ ಹೋಯಿತು. “ಇನ್ನು ನಿನ್ನ ಹೊಸ್ತಿಲು ತುಳಿಯೋದು ನಿನ್ನ ಹೆಣ ನೋಡೋಕೇ ಕಣೇ,” ಎಂದು ಶಿಲುಬೆ ಮುಟ್ಟಿ ಆಣೆಯಿಟ್ಟು ಹೋದವಳು ನಾಲ್ಕು ವರ್ಷವಾದರೂ ಬಂದಿರಲಿಲ್ಲ. ಇಬ್ಬರ ಮನೆಗೂ ನಡುವೆ ಇದ್ದದ್ದು ಒಂದು ಸೇತುವೆ, ಅಷ್ಟೆ. ಚಳಿಗಾಲಕ್ಕೆಂದು ಮೆಣಸಿನಕಾಯಿ ಸುಟ್ಟಿಡುವ ಕಾಲಕ್ಕೆ ವೆಲಿಕಾ ಅಂಗಳದಲ್ಲಿ ಎರಡು ಕುರ್ಚಿ ಹಾಕುತ್ತಿದ್ದಳು. ಯಾಕೆ ಎಂದು ಕೇಳಿದರೆ ಕಾಲು ಚಾಚಲು ಎನ್ನುತ್ತಿದ್ದಳು.

ಈ ಸಲ ಸಿನಿಮಾ ಮಾಡಲು ಬಂದವಳು ರಾಲಿತ್ಸಾ. ಕಂಕುಳಲ್ಲಿ ಕೂಸು, ಅದಕ್ಕೆ ಹಲ್ಲು ಬರುವ ಜ್ವರ; ಒಂದು ಕೈ ಕ್ಯಾಮೆರಾದ ಮೇಲಿದ್ದರೆ ಇನ್ನೊಂದು ಮಗುವಿನ ಹಣೆಯ ಮೇಲೆ. ಸತ್ತವರ ಮನೆ ಬಾಗಿಲಿಗೆ ಅಂಟಿಸುವ ಕಪ್ಪಂಚಿನ ಚೀಟಿಯನ್ನು ಅವಳು ವೆಲಿಕಾಳ ಫೋಟೊ, ಹೆಸರು ಹಾಕಿಸಿಯೇ ಅಚ್ಚು ಮಾಡಿಸಿದ್ದಳು. ಬೆಳಿಗ್ಗೆ ಅದನ್ನು ಬಾಗಿಲಿಗೆ ಅಂಟಿಸಿ ಚಿತ್ರಿಸಿದ್ದಾಯಿತು. ಅಷ್ಟರಲ್ಲಿ ಮಗು ಅತ್ತಿತು. ಹಾಲೂಡಿಸಿ, ಮೈ ಮುಟ್ಟಿ ನೋಡಿ, ಔಷಧಿ ಎರಡು ಹನಿಯೋ ಮೂರೋ ಎಂದು ತಾಯಿಗೆ ಫೋನ್ ಮಾಡಿ ಕೇಳುವಷ್ಟರಲ್ಲಿ ಚೀಟಿ ಕೀಳುವುದು ಮರೆತೇ ಹೋಯಿತು. ಅಂಥ ಚೀಟಿ ಸುಳ್ಳು ಹೇಳಿದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

ಮಧ್ಯಾಹ್ನ ಕೊನೆಯ ದೃಶ್ಯ. ವೆಲಿಕಾ ಮಂಚದ ಮೇಲೆ, ತಲೆದೆಸೆಯಲ್ಲಿ ಮೇಣದ ಬತ್ತಿ.

“ನಾನು ಸಾಕು ಅನ್ನೋವರೆಗೂ ಅಲ್ಲಾಡ್ಬೇಡಿ ಅಜ್ಜಿ. ಈಗಷ್ಟೇ ಮಗು ಮಲಗಿದೆ, ಇನ್ನೊಂದ್ಸಲ ತೆಗೆಯೋಕಾಗಲ್ಲ,” ಎಂದು ಪಿಸುಗುಟ್ಟಿ ರಾಲಿತ್ಸಾ ಕ್ಯಾಮೆರಾ ಓಡಿಸಿದಳು.

ಆಗ ಬಾಗಿಲು ಸರಿಯಿತು. ತಲೆಗೆ ಕಪ್ಪು ವಸ್ತ್ರ ಕಟ್ಟಿ, ಸಾವಿನ ಮನೆಗೆ ಒಯ್ಯುವ ಸಕ್ಕರೆ ಗೋಧಿಯ ಬಟ್ಟಲು ಹಿಡಿದು ದೋನ್ಕಾ ಒಳಗೆ ಬಂದಳು. ಮೂಲೆಯಲ್ಲಿದ್ದ ಹುಡುಗಿ ಅವಳ ಕಣ್ಣಿಗೆ ಬೀಳಲಿಲ್ಲ.

“ಹೋಗೇಬಿಟ್ಯೇನೇ? ನನಗಿಂತ ಚಿಕ್ಕೋಳು, ಸರದಿ ಮುರಿದು ಹೋಗೋಕೆ ನಾಚಿಕೆ ಆಗ್ಲಿಲ್ವಾ? ಅರ್ಧ ಸೇತುವೆವರೆಗೂ ಬಂದು ಎಷ್ಟು ಸಲ ವಾಪಸ್ ಹೋದೆ ಗೊತ್ತಾ? ಆಣೆ ಇಟ್ಟ ಈ ಬಾಯಿಗಿಷ್ಟು ಮಣ್ಣು ಹಾಕ!”

ವೆಲಿಕಾಳ ರೆಪ್ಪೆ ಮಿಸುಕಲಿಲ್ಲ. ಕಣ್ಣು ತೆರೆದರೆ ಹುಡುಗಿಯ ಸಿನಿಮಾ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಕ್ಕ ಮಾತು ನಿಲ್ಲಿಸುತ್ತಾಳೆ.

“ಒಂದು ಹಂಡೆಗೋಸ್ಕರ!” ದೋನ್ಕಾ ಮೂಗು ಸೀಟಿದಳು. “ಅದೂ ತಳ ತೂತಾದ ಹಂಡೆ.”

“ತೂತಿರಲಿಲ್ಲ!” ಹೆಣ ಎದ್ದು ಕೂತಿತು.

ದೋನ್ಕಾ ಕಿಟಾರನೆ ಕಿರುಚಿದಳು. ಮಗುವೂ ಎದ್ದು ಕಿರುಚಿತು. ಆಮೇಲೆ ದೋನ್ಕಾ ತಂಗಿಯ ಕೆನ್ನೆಯನ್ನು ಜೋರಾಗಿ ಚಿವುಟಿ ನೋಡಿದಳು. “ಹೆಣಕ್ಕೆ ಅಂತ ಬಂದೆ. ಹೆಣಾನೇ ಇಲ್ಲ ಅಂದ್ಮೇಲೆ ಇಲ್ಲಿ ನಂಗೇನು ಕೆಲಸ?” ಎಂದು ಹೊರಟೇ ಹೋದಳು. ಬಟ್ಟಲು ಮಾತ್ರ ಉಳಿಯಿತು.

ಅಕ್ಕನ ಮಾತು ಊರಿಗೆಲ್ಲ ಬೇಡ ಎಂದಳು ವೆಲಿಕಾ. ಹಾಗಾಗಿ ಸಿನಿಮಾ ಬಾಗಿಲು ಸರಿಯುವಲ್ಲಿಗೇ ಮುಗಿಯಿತು. ಬಹುಮಾನವೇನೂ ಬರಲಿಲ್ಲ.

ಚೀಟಿಯನ್ನು ವೆಲಿಕಾ ಕೀಳಗೊಡಲಿಲ್ಲ. ಅಪಶಕುನ ಎಂದರು ನೆರೆಯವರು, ಅವಳು ಕೇಳಲಿಲ್ಲ. ಸತ್ತವರಿಗೆ ನಲವತ್ತನೆಯ ದಿನಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ತಿಥಿಯ ಹೊಸ ಚೀಟಿ ಅಂಟಿಸುವುದು ಆ ಊರಿನ ರೂಢಿ. ನಲವತ್ತನೆಯ ದಿನ ಅವಳೂ ತನ್ನ ಹೆಸರಿನ ಹೊಸ ಚೀಟಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿದಳು. ಇನ್ನೊಂದನ್ನು ಸೇತುವೆಯಾಚೆಯ ಕಂಬಕ್ಕೆ. ಆಮೇಲೆ ಮೆಣಸಿನಕಾಯಿ ಸುಡಲು ಒಲೆ ಹಚ್ಚಿ ಕೂತಳು.

ಬಿಸಿಲು ಇಳಿಯುವ ಮುಂಚೆ ಕಪ್ಪು ವಸ್ತ್ರ, ಗೋಧಿಯ ಬಟ್ಟಲು ಗೇಟಿನ ಬಳಿ ಕಂಡವು.

“ತಿಥಿಗೆ ಬಂದೆ. ಆಣೆ ಮುರಿದಿಲ್ಲ,” ಎಂದಳು ದೋನ್ಕಾ.

“ಯಾರು ಮುರಿದೆ ಅಂದ್ರು?” ವೆಲಿಕಾ ಎರಡನೆಯ ಕುರ್ಚಿಯಿಂದ ಕಾಲು ತೆಗೆದಳು.

ದೋನ್ಕಾ ಕೂತು, ಬಾಗಿಲ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. “ಆರು ತಿಂಗಳ ಚೀಟಿಗೆ ಬೇರೆ ಫೋಟೊ ಹಾಕ್ಸೇ. ಇದ್ರಲ್ಲಿ ಸತ್ತೋಳ ಥರ ಕಾಣ್ತೀಯ.”