ಶುಕ್ರವಾರದ ಹಾಸಿಗೆ

ಸ್ಟೋರ್ ರೂಮಿನಿಂದ ಮಡಚುವ ಹಾಸಿಗೆಯನ್ನು ಎಳೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. ನುಸಿಗುಳಿಗೆ ಇಟ್ಟವನು ನಾನೇ, ತಿಗಣೆ ಬಂದರೆ ಎಂಬ ಭಯಕ್ಕೆ. ಸೆಂಬವಾಂಗ್‌ನ ಈ ಫ್ಲ್ಯಾಟಿನಲ್ಲಿ ಇದುವರೆಗೆ ಒಂದು ತಿಗಣೆಯೂ ಕಂಡಿಲ್ಲ. ಹಾಗೆಂದು ಭಯಪಡುವುದನ್ನು ಬಿಡಲಾಗುತ್ತದೆಯೇ? ಆ ವಾಸನೆಯ ಅಡಿಯಲ್ಲೆಲ್ಲೋ ಏಲಕ್ಕಿಯ ಘಮ ಇನ್ನೂ ಇದೆ ಅನ್ನಿಸಿತು... ಇರಲಾರದು. ಹಾಸಿಗೆ ಆಂಟಿಯ ಮನೆಯಿಂದ ವಾಪಸು ಬಂದು ಎಷ್ಟೋ ವರ್ಷಗಳಾದವು.

ಆಗ ನಾವು ಇದೇ ಊರಿನ ಬುಗಿಸ್ ಹತ್ತಿರದ ಹಳೆಯ ಫ್ಲ್ಯಾಟೊಂದರಲ್ಲಿ ಬಾಡಿಗೆಗಿದ್ದೆವು. ಆಂಟಿ ಎದುರು ಮನೆಯವರು, ಯಹೂದಿ. ಅವರ ಅಜ್ಜ ಬಾಗ್ದಾದಿನಿಂದ ಬಂದು ಇಲ್ಲಿ ನೆಲೆಸಿದವರಂತೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಅವರಿಗೆ ಸಬ್ಬತ್. ಗಾಡಿ ಹತ್ತುವಂತಿಲ್ಲ, ಸ್ವಿಚ್ ಒತ್ತುವಂತಿಲ್ಲ, ಒತ್ತಿಕೊಡು ಎಂದು ನಮ್ಮಂಥವರನ್ನು ಕೇಳುವಂತೆಯೂ ಇಲ್ಲ. ಲಿಫ್ಟಿನ ಮುಂದೆ ನಿಂತು, "ಇವತ್ತು ಮಂಡಿ ತುಂಬಾ ನೋಯ್ತಿದೆ, ಲಾ" ಎಂದು ಗೋಡೆಗೆ ಹೇಳುತ್ತಿದ್ದರು. ನನಗೆ ಆ ಕ್ಷಣವೇ ಕೆಳಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಅವರು ಆಡುತ್ತಿದ್ದುದು ಇಂಗ್ಲಿಷ್. ನನ್ನೊಳಗೆ ಅದೆಲ್ಲ ಕನ್ನಡವಾಗಿ ಉಳಿದಿದೆ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಮಾತ್ರ ಹಾಗೇ ಇದೆ.

ಅವರ ಪ್ರಾರ್ಥನಾಲಯ ನಡೆದು ಹೋಗುವಷ್ಟು ಹತ್ತಿರ. ಶನಿವಾರ ಪ್ರಾರ್ಥನೆ ಮುಗಿಸಿದ ಕೆಲವರು ಆಂಟಿಯ ಮನೆಯಲ್ಲೇ ಉಣ್ಣುತ್ತಿದ್ದರು. ಹಿಂದಿನ ದಿನವೇ ಸಣ್ಣ ಉರಿಯಲ್ಲಿಟ್ಟ ಏಲಕ್ಕಿ ಅನ್ನದ ಘಮ ಕಾರಿಡಾರಿಗೆಲ್ಲ ಹಬ್ಬುತ್ತಿತ್ತು. ಹಾಗೆ ಉಣ್ಣುವವರಲ್ಲಿ ಒಬ್ಬ, ಹೊರದೇಶದಿಂದ ಬಂದು, ದೂರದ ಸೆಲೆಟಾರ್‌ನಲ್ಲಿ ಇದ್ದುಕೊಂಡು ವಿಮಾನ ರಿಪೇರಿ ಮಾಡುತ್ತಿದ್ದ ಎಂಜಿನಿಯರ್. ಅವನ ತಂದೆ ಆಗಷ್ಟೇ ತೀರಿಕೊಂಡಿದ್ದರು. ಹತ್ತಿರಹತ್ತಿರ ಒಂದು ವರ್ಷ ಅವರಿಗಾಗಿ ಮಗ ಒಂದು ಪ್ರಾರ್ಥನೆ ಹೇಳಬೇಕು. ಮನೆಯಲ್ಲಿ ಒಬ್ಬನೇ ಕೂತು ಹೇಳಿದರೆ ಆಗದು, ಅವನೂ ಸೇರಿ ಹತ್ತು ಗಂಡಸರು ಕೂಡಬೇಕು.

ಒಂದು ಭಾನುವಾರ ನಾನು ಆಂಟಿಯ ಮನೆಯ ಟ್ಯೂಬ್‌ಲೈಟ್ ಬದಲಿಸಲು ಸ್ಟೂಲು ಹತ್ತಿ, ಬಿದ್ದರೆ ಯಾವ ಮೂಳೆ ಮುರಿಯಬಹುದೆಂದು ಯೋಚಿಸುತ್ತಿದ್ದೆ. ಆಗ ಪ್ರಾರ್ಥನಾಲಯದ ಇನ್ನೊಬ್ಬ ಹೆಂಗಸು ಬಂದವಳೇ ಶುರು ಮಾಡಿದಳು.

"ಆ ಎಂಜಿನಿಯರ್ ಸಬ್ಬತ್ ದಿನ ಟ್ಯಾಕ್ಸೀಲಿ ಬರ್ತಾನೆ! ಟ್ಯಾಕ್ಸಿ ಇಳಿದು ಬಂದು ಅಪ್ಪನಿಗೆ ಪ್ರಾರ್ಥನೆಯಂತೆ. ನಾನು ಎಲ್ಲರಿಗೂ ಹೇಳ್ತೀನಿ. ನೀವೂ ಊಟಕ್ಕೆ ಕರೀಬೇಡಿ."

"ಆಸ್ಪತ್ರೆಯಿಂದ ಬಂದಿರಬಹುದು. ಜೀವಕ್ಕೆ ಅಪಾಯ ಅಂದ್ರೆ ಗಾಡಿ ಹತ್ತಬಹುದಲ್ವಾ?"

"ಹೋದ ವಾರವೂ ಟ್ಯಾಕ್ಸೀಲೇ ಬಂದ."

"ಪಾಪ, ಕಾಯಿಲೆ ಇನ್ನೂ ವಾಸಿಯಾಗಿಲ್ಲ ಅಂತಾಯ್ತು," ಎಂದರು ಆಂಟಿ. ನಾನು ನಗು ತಡೆಯಲು ಸ್ಟೂಲಿನ ಮೇಲೆ ಪಟ್ಟ ಪಾಡು ನನಗೇ ಗೊತ್ತು. "ಮುಂದಿನ ಶನಿವಾರ ನಾನೇ ನೋಡ್ತೀನಿ. ಅಲ್ಲೀವರೆಗೆ ಬಾಯಿ ಮುಚ್ಚಿಕೊಂಡಿರು."

ಮಾತು ಹರಡಿದರೆ ಅವನು ಪ್ರಾರ್ಥನಾಲಯದತ್ತ ಮತ್ತೆ ತಲೆ ಹಾಕುವುದಿಲ್ಲ, ತಂದೆಯ ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತದೆ. ಆಂಟಿಗೆ ಅದು ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಆಂಟಿಯೂ ನಾನೂ ವಾಯ್ಡ್ ಡೆಕ್ಕಿನ, ಅಂದರೆ ನಮ್ಮ ಬ್ಲಾಕಿನ ಕೆಳಗಿನ ತೆರೆದ ಜಾಗದ, ಕಂಬದ ಹಿಂದೆ ನಿಂತೆವು. ಅವರ ಮಂಡಿಯ ಚಿಂತೆಗೆ ನಾನೂ ಹೋಗುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದ್ದೆ. ಟ್ಯಾಕ್ಸಿ ಬಂತು, ಪ್ರಾರ್ಥನಾಲಯದ ಬಾಗಿಲಿಗಲ್ಲ, ಒಂದು ಬೀದಿ ಆಚೆಗೆ. ಎಂಜಿನಿಯರ್ ಇಳಿದ. ಟ್ಯಾಕ್ಸಿ ಮರೆಯಾದ ಮೇಲೆ ಜೇಬಿನಿಂದ ಪುಟ್ಟ ಟೋಪಿ ತೆಗೆದು ತಲೆಗಿಟ್ಟುಕೊಂಡು, ಆಚೀಚೆ ನೋಡಿ, ತಲೆ ತಗ್ಗಿಸಿ ನಡೆದ.

"ಈಗೇನು ಹೇಳ್ತೀರಿ ಆಂಟಿ? ಆಸ್ಪತ್ರೆಯಂತೂ ಅಲ್ಲ."

"ಅಲ್ಲ," ಎಂದರು. "ಆದರೆ ಅಷ್ಟು ದೂರ ಯಾಕೆ ಇಳಿದ? ಸಬ್ಬತ್ ಲೆಕ್ಕಕ್ಕೇ ಇಲ್ಲದವನು ಬಾಗಿಲಲ್ಲೇ ಇಳೀತಿದ್ದ. ಅವನಿಗೆ ಸಂಕಟ ಇದೆ, ಲಾ. ಸೆಲೆಟಾರ್‌ನಿಂದ ನಡೆದು ಬರೋಕಾಗುತ್ತಾ?" ಆಮೇಲೆ ನನ್ನ ಕಡೆ ತಿರುಗಿ, "ನಾಳೆ ನಿನ್ನನ್ನ ಒಂದು ವಸ್ತು ಕೇಳ್ತೀನಿ. ಇವತ್ತು ಕೇಳೋ ಹಾಗಿಲ್ಲ," ಎಂದರು.

ಮರುದಿನ ಕೇಳಿದ್ದು, ನಮ್ಮತ್ತೆ ಬಂದಾಗ ಹಾಸುತ್ತಿದ್ದ ಈ ಹಾಸಿಗೆ. ಹೆಂಡತಿ ನನಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಕೊಡ್ರೀ. ತಿಗಣೆ ಗಿಗಣೆ ಅಂತ ಶುರು ಮಾಡ್ಬೇಡಿ."

ಅಲ್ಲಿಂದ ಪ್ರತಿ ಶುಕ್ರವಾರ ಹೊತ್ತು ಮುಳುಗುವ ಮೊದಲು ಹಾಸಿಗೆ ಕಾರಿಡಾರ್ ದಾಟುತ್ತಿತ್ತು, ಶನಿವಾರ ಕತ್ತಲಾದ ಮೇಲೆ ಏಲಕ್ಕಿಯ ಘಮ ಹೊತ್ತು ಮರಳುತ್ತಿತ್ತು. ಶುಕ್ರವಾರ ರಾತ್ರಿ ತಮ್ಮ ಮನೆಯಲ್ಲೇ ಮಲಗಲು ಆಂಟಿ ಅವನನ್ನು ಏನು ಹೇಳಿ ಕರೆದರೋ ಕಾಣೆ. ಟ್ಯಾಕ್ಸಿಯ ಮಾತು ಎತ್ತಿರಲಾರರು. ಮೊದಲ ಶನಿವಾರ ಬೆಳಿಗ್ಗೆ, ದೂರು ತಂದಿದ್ದ ಹೆಂಗಸು ನಮ್ಮ ಬ್ಲಾಕಿನ ಕೆಳಗೇ ಕಾಯುತ್ತಿದ್ದಳು. ಎಂಜಿನಿಯರ್ ಆಂಟಿಯ ಹಿಂದೆ ಮೆಟ್ಟಿಲಿಳಿದು ಬರುವುದನ್ನು ಕಂಡು ಬೆಪ್ಪಾದಳು. "ಇವತ್ತು ನಡೆದೇ ಬರ್ತಿದ್ದಾನೆ, ನೋಡು. ಊಟಕ್ಕೆ ನೀನೂ ಬಾ," ಎಂದರು ಆಂಟಿ. ಅವಳು ಬಂದಳು, ಎರಡು ಸಲ ಬಡಿಸಿಕೊಂಡಳು ಕೂಡ. ತಂದೆಯ ಪ್ರಾರ್ಥನೆ ಕೊನೆಯವರೆಗೂ ನಡೆಯಿತು.

ಮುಂದೆ ನಾವು ಸೆಂಬವಾಂಗ್‌ಗೆ ಶಿಫ್ಟ್ ಆದೆವು. ಮೊದಮೊದಲು ಹೋಗಿ ಬರುತ್ತಿದ್ದೆವು. ಆಮೇಲೆ ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು... ಈ ವಾರ ಎಂಜಿನಿಯರ್ ಫೋನ್ ಮಾಡಿದಾಗ ಆಂಟಿಯನ್ನು ಮಣ್ಣು ಮಾಡಿಯಾಗಿತ್ತು.

"ಅವರಿಗೆ ಮಕ್ಕಳಿಲ್ಲ. ಪ್ರಾರ್ಥನೆ ನಾನೇ ಹೇಳ್ತೀನಿ," ಎಂದ. "ಪ್ರಾರ್ಥನಾಲಯದ ಹತ್ತಿರದಲ್ಲೇ ಸ್ನೇಹಿತನ ಮನೆ ಇದೆ, ಶುಕ್ರವಾರ ಹಾಲ್‌ನಲ್ಲಿ ಮಲಗಬಹುದು. ಅಂಕಲ್... ಆ ಹಾಸಿಗೆ ಇನ್ನೂ ಇದೆಯಾ?"

ಇವತ್ತು ಶುಕ್ರವಾರ. ಟ್ಯಾಕ್ಸಿ ಬುಕ್ ಮಾಡಿ, ಬಿಸಿಲಿಗೊಡ್ಡಿ ವಾಸನೆ ಬಿಡಿಸಿದ ಹಾಸಿಗೆಯನ್ನು ಬಾಗಿಲಿಗೆ ತಂದಿಟ್ಟಿದ್ದೇನೆ. "ರೀ, ಕತ್ತಲಾಗೋಕೆ ಇನ್ನೂ ಅರ್ಧ ದಿನ ಇದೆ," ಎನ್ನುತ್ತಾಳೆ ಹೆಂಡತಿ. ಇರಲಿ. ದಾರಿಯಲ್ಲಿ ಜಾಮ್ ಆಗಬಹುದು, ಟಯರ್ ಪಂಕ್ಚರ್ ಆಗಬಹುದು. ಹೊತ್ತು ಮುಳುಗುವ ಮೊದಲು ಇದು ಅಲ್ಲಿ ಇರಲೇಬೇಕು. ಬಾಗಿಲು ತೆರೆದು ತೆಗೆದುಕೊಳ್ಳುವವರು ಮಾತ್ರ ಆಂಟಿಯಲ್ಲ.