ಅನುಮಾನವನ್ನು ಅಪರಾಧ ಮಾಡದ ಅಕ್ಕ

ಮೊನ್ನೆ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟನ್ನು ಮೂಗಿಗೆ ಹಿಡಿದೆ, ಕೋಪ ಬಂತು. ಸೊಪ್ಪಿನ ಮೇಲೂ ಕೋಪ ಬರುವ ವಯಸ್ಸಾಯಿತಲ್ಲ, ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಚಿಂತೆಯೂ ಹಿಂದೆಯೇ ಬಂತು. ಆಮೇಲೆ ಹೊಳೆಯಿತು... ಅದು ಅಕ್ಕನ ಊಟದ ಡಬ್ಬಿಯ ವಾಸನೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಹಲಸೂರಿನಲ್ಲಿ ಸೈಕಲ್ ಅಂಗಡಿಯ ಮೇಲೆ ಒಂದು ಅನುವಾದದ ಆಫೀಸಿತ್ತು. ಅಲ್ಲಿ ಇಂಗ್ಲಿಷಿನಿಂದ ರಷ್ಯನ್ನಿಗೆ ಅನುವಾದ ಮಾಡುತ್ತಿದ್ದವರು ಅವರು. ಅವರ ಕೈಕೆಳಗೆ ಟೈಪು ಮಾಡುತ್ತ, ತಪ್ಪಾಯಿತೇನೋ ಎಂದು ಬೆವರುತ್ತ ಕಲಿತವನು ನಾನು. ರಷ್ಯಾದ ಎಂಜಿನಿಯರುಗಳು ಬರುವ ದಿನ ಅಕ್ಕ ದೊಮ್ಮಲೂರಿನ ಮನೆಯಿಂದ ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ ತರುತ್ತಿದ್ದರು. ಅವರ ಊರಲ್ಲೂ ಇದೇ ಸೊಪ್ಪಂತೆ. ಆ ಆಜಾನುಬಾಹುಗಳು ಮನೆ ನೆನೆಸಿಕೊಂಡು ನನ್ನ ಪಾಲನ್ನೂ ತಿಂದುಬಿಡುತ್ತಿದ್ದರು.

ಕಾಗದದಲ್ಲಿ ‘ಮೇ’, ‘ಮಸ್ಟ್’, ‘ಶುಡ್’ ಬಂದರೆ ಅಕ್ಕ ಪೆನ್ನು ಕೆಳಗಿಡುತ್ತಿದ್ದರು. ‘ಮೇ’ ಎಂದರೆ ಅನುಮತಿಯೋ, ಅನುಮಾನವೋ? ನಮ್ಮ ‘ಬಹುದು’ ಎರಡನ್ನೂ ಹೊರುತ್ತದೆ. ರಷ್ಯನ್ನಿನಲ್ಲಿ ಅನುಮತಿಗೆ ‘ಮೋಝ್ನ’, ಅನುಮಾನಕ್ಕೆ ‘ಮೋಝೆತ್ ಬಿತ್’. ಅಕ್ಕ ಡಿಕ್ಷನರಿ ಮುಟ್ಟುತ್ತಿರಲಿಲ್ಲ. ಬರೆದವರಿಗೇ ಫೋನ್ ಮಾಡುತ್ತಿದ್ದರು. “ಸಾರ್, ಇದನ್ನ ಯಾರು, ಯಾರಿಗೆ ಹೇಳ್ತಿರೋದು?”

ಮಹದೇವಪುರದ ಒಂದು ಕಾರ್ಖಾನೆಯಿಂದ ರಷ್ಯಾಕ್ಕೆ ಹೋದ ಪಂಪು ಅಲ್ಲಿ ಒಡೆಯಿತು. ಕಾರಣ ತಿಳಿಸಿ ಎಂದರು ಅಲ್ಲಿಯವರು. ಕಾರ್ಖಾನೆಯ ಎಂಜಿನಿಯರು ಇಂಗ್ಲಿಷಿನಲ್ಲಿ ವರದಿ ಬರೆದ: ಫಿಟರ್ ಬೋಲ್ಟನ್ನು ಸಡಿಲ ಬಿಟ್ಟಿರಬಹುದು, ಇಲ್ಲವೇ ಲೋಹದಲ್ಲೇ ದೋಷ ಇದ್ದಿರಬಹುದು. ಫಿಟರ್ ರಾಯಚೂರು ಕಡೆಯವನು, ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಸಂಸಾರ, ಗುತ್ತಿಗೆ ಕೆಲಸ.

ಕಾರ್ಖಾನೆಯ ಮ್ಯಾನೇಜರ್ ವರದಿ ಹಿಡಿದು ನಮ್ಮಲ್ಲಿಗೇ ಬಂದ.

“ಮೇಡಂ, ರಷ್ಯನ್‌ನಲ್ಲಿ ‘ಸಡಿಲ ಬಿಟ್ಟಿದ್ದಾನೆ, ಕೆಲಸದಿಂದ ತೆಗೆದಿದ್ದೀವಿ’ ಅಂತ ಹಾಕ್ಬಿಡಿ. ಇಂಗ್ಲಿಷ್ ಹಂಗೇ ಇರ್ಲಿ. ಇಲ್ಲಿ ಯಾರ್ರೀ ಓದ್ತಾರೆ ರಷ್ಯನ್ನು?”

“ನಾನು ಓದ್ತೀನಲ್ಲ” ಎಂದರು ಅಕ್ಕ.

“ಒಬ್ಬ ಫಿಟರ್ ತಾನೇ ಮೇಡಂ!”

“ನಿಮ್ಮ ಕಾಗದದಲ್ಲಿ ಬರೀ ಅನುಮಾನ. ನನ್ನ ಕೈಲಿ ಅದು ಅಪರಾಧ ಆಗ್ಬೇಕಾ? ಅಷ್ಟು ಧೈರ್ಯ ಇದ್ರೆ ಇಂಗ್ಲಿಷ್‌ನಲ್ಲೇ ಬದಲಾಯ್ಸಿ, ಕೆಳಗೆ ಸೈನ್ ಹಾಕಿ ತನ್ನಿ.”

ಆ ಮಹಾಶಯನಿಗೆ ಸೈನ್ ಹಾಕುವಷ್ಟು ಧೈರ್ಯ ಎಲ್ಲಿಂದ ಬರಬೇಕು? ನಮ್ಮ ಮಾಲೀಕರು ಹಿಂದೆ ನಿಂತು “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮಾ” ಎಂದು ರಾಗ ಎಳೆದರು. ಅಕ್ಕ ಇದ್ದದ್ದನ್ನು ಇದ್ದಂತೆ ಅನುವಾದಿಸಿ ಕಳಿಸಿದರು.

ರಷ್ಯಾದವರು ಹಾಗಿದ್ದರೆ ಮೊದಲು ಲೋಹ ಪರೀಕ್ಷಿಸಿ ಎಂದು ಬರೆದರು. ಪರೀಕ್ಷಿಸಿದರೆ ದೋಷ ಲೋಹದ್ದೇ. ಫಿಟರನ ಕೆಲಸ ಉಳಿಯಿತು, ಅಕ್ಕನದು ಹೋಯಿತು. ಮಾಲೀಕರು “ನಿಧಾನ” ಎಂದು ಕಾರಣ ಕೊಟ್ಟರು. ಅಷ್ಟು ವರ್ಷ ಆ ಆಫೀಸಿಗೆ ಅನ್ನ ಹಾಕಿದ ಕೈ ಒಂದೇ ದಿನಕ್ಕೆ ನಿಧಾನವಾಯಿತೆ? ಸುಳ್ಳಿನ ಕೆಲಸಕ್ಕೆ ಮಾತ್ರ ಅದು ನಿಧಾನ!

ಫಿಟರಿಗೆ ಇದೊಂದೂ ತಿಳಿಯಲಿಲ್ಲ. ನಾನು ಹೇಳಿ ಬರುತ್ತೇನೆಂದು ಹೊರಟರೆ ಅಕ್ಕನೇ ತಡೆದರು. “ಸುಮ್ನಿರೋ. ಅವನ ಕೆಲಸ ಅವನದ್ದು. ನಾನು ಕೊಡಿಸಿದ್ದು ಅಂತ ಯಾಕೆ ಅಂದ್ಕೋಬೇಕು?”

ಈ ವರ್ಷ ಅಕ್ಕ ತೀರಿಕೊಂಡರು. ಸಾವಿನ ಮನೆಗೆ ಮಾಲೀಕರೂ ಹಾರ ಹಿಡಿದು ಬಂದಿದ್ದರು. “ಪಾಪ, ಸ್ವಲ್ಪ ಹೊಂದ್ಕೊಂಡು ಹೋಗಿದ್ರೆ ಚೆನ್ನಾಗಿರ್ತಿದ್ರು.”

“ಯಾರು ಸಾರ್ ಚೆನ್ನಾಗಿರ್ತಿದ್ದಿದ್ದು?” ಎಂದುಬಿಟ್ಟೆ. ಬಾಯಿ ನನ್ನದೇ. ಪ್ರಶ್ನೆ ಮಾತ್ರ ಅಕ್ಕನದು.

ಹಳೆಯ ಆಫೀಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಮಾಲೀಕರು ದಿನವೂ ಬೆಳಿಗ್ಗೆ ಒಂದು ಸುಭಾಷಿತ ಹಾಕುತ್ತಾರೆ. ಇವತ್ತಿನದು ಸತ್ಯದ ಬಗ್ಗೆ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅಕ್ಕನ ನಂಬರು ಇನ್ನೂ ಆ ಗುಂಪಿನಲ್ಲೇ ಇದೆ, ಯಾರೂ ತೆಗೆದಿಲ್ಲ. ಅಕ್ಕ ಇದ್ದಿದ್ದರೆ “ಸಾರ್, ಇದನ್ನ ಯಾರು, ಯಾರಿಗೆ ಹೇಳ್ತಿರೋದು?” ಎಂದು ಚುರುಕಾಗಿ ಒಂದು ಸಾಲು ಬಂದೇ ಬರುತ್ತಿತ್ತು... ಫೋನ್ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದೆ.

ಬರಲಿಲ್ಲ.