ಓಡುವ ಚಿಕ್ಕಿ ಕಾಣದ ಬೆಳಗು

ಬನಹಟ್ಟಿಯ ಹಳೇ ನೇಕಾರ ಓಣಿಯಲ್ಲಿ ಇವತ್ತಿಗೂ ಹಾಸನ್ನು ಬೀದಿಗೆ ತಂದು ಗಂಜಿ ಹಚ್ಚುವ ಮನೆ ಒಂದೇ ಉಳಿದಿದೆ. ಅದು ರಾಮಲಿಂಗಪ್ಪನದು. ಉಳಿದವರೆಲ್ಲ ಪವರ್‌ಲೂಮ್ ಹಾಕಿಕೊಂಡು ಗಂಜಿ ಹಚ್ಚಿದ ನೂಲನ್ನೇ ತರಿಸುತ್ತಾರೆ; ಈತ ಮಾತ್ರ ಕೈಮಗ್ಗ ಬಿಟ್ಟಿಲ್ಲ. ತಿಂಗಳಿಗೆ ಎರಡು ಸಲ, ಬಿಸಿಲು ಏರುವ ಮುಂಚೆ ನಸುಕಿನಲ್ಲೇ, ಹಾಸು, ಅಂದರೆ ಸೀರೆಯ ಉದ್ದನೆಯ ಎಳೆಗಳೆಲ್ಲ, ಬೀದಿಗುಂಟ ಬಿಗಿದು ನಿಲ್ಲುತ್ತವೆ. ಒಬ್ಬರು ತುದಿಯ ಹಗ್ಗ ಎಳೆದು ಹಿಡಿಯಬೇಕು, ಒಬ್ಬರು ಗಂಜಿಯ ಗಡಿಗೆ ಹೊರಬೇಕು, ಮನೆಯ ಹಿರಿಯ ಕುಂಚ ಹಿಡಿದು ಮುಂದೆ ನಡೆಯಬೇಕು. ಅವನ ಕೆಲಸ ಕುಂಚ ಎಳೆಯುವುದಷ್ಟೇ ಅಲ್ಲ, ಹರಿದ ಎಳೆ ಕಂಡಲ್ಲಿ ನಿಂತು ಗಂಟು ಹಾಕುವುದು. ಒಂದೇ ಒಂದು ಎಳೆ ತಪ್ಪಿದರೂ ಅದು ಪಕ್ಕದ ಎಳೆಗೆ ಅಂಟಿ ಒಣಗುತ್ತದೆ, ಆಮೇಲೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಮೂವತ್ತೆರಡು ವರ್ಷದಿಂದ ಆ ಕುಂಚ ರಾಮಲಿಂಗಪ್ಪನ ಕೈಯಲ್ಲೇ ಇತ್ತು.

ನಸುಕಿನಲ್ಲಿ ಎದ್ದವನಿಗೆ ಆಕಾಶ ಪುಕ್ಕಟೆ. ಗಂಜಿ ಕುದಿದು ಹದವಾಗುವ ತನಕ ಮಾಡಲು ಬೇರೆ ಕೆಲಸವಿಲ್ಲದೆ ಮೇಲೆ ನೋಡುತ್ತಿದ್ದವನಿಗೆ, ಎಲ್ಲ ಚಿಕ್ಕಿಗಳೂ ನಿಂತಿರುವಾಗ ಕೆಲವು ಮಾತ್ರ ಸದ್ದಿಲ್ಲದೆ ಓಡುವುದು ಕಂಡಿತು. ಮೊದಮೊದಲು ಯಾರದೋ ಜೀವ ಹೋಗುತ್ತಿದೆ ಎಂದು ಕೈ ಮುಗಿದದ್ದೂ ಉಂಟು. ಅವು ಉಪಗ್ರಹಗಳೆಂದು ಗೊತ್ತಾದ ಮೇಲೆ ಹುಚ್ಚು ಇನ್ನೂ ಹೆಚ್ಚಾಯಿತು. ಸೊಸೆ ಅನುರಾಧಾ ಬಂದ ಮೇಲಂತೂ ಅವಳ ಮೊಬೈಲು ಯಾವುದು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನೂ ಹೇಳತೊಡಗಿತು.

ಈ ಹುಚ್ಚಿನ ವೈರಿ ಎದುರುಮನೆಯ ಗಿರಿಮಲ್ಲಪ್ಪ. ಅವನದು ಆರು ಪವರ್‌ಲೂಮು. ಇಬ್ಬರೂ ಚಡ್ಡಿ ಹಾಕುವ ಮೊದಲಿನ ಗೆಳೆಯರು. ಅಪ್ಪಂದಿರ ಕಾಲದಿಂದ ಬಂದ ಕೆಲಸದ ಮುಯ್ಯಿ ಎಂದು ಗಿರಿಮಲ್ಲಪ್ಪ ಪ್ರತಿ ಹಾಸಿಗೂ ಬಂದು ಹಗ್ಗ ಹಿಡಿಯುತ್ತಾನೆ. ಹಗ್ಗ ಹಿಡಿದಾಗ ಕೈಗೆ ಕೆಲಸ, ಬಾಯಿಗೆ ರಜೆ ಇಲ್ಲ.

“ದಿನಕ್ಕ ನಾಕ ಸಲ ಕರೆಂಟ್ ಹೋಕ್ಕೈತಿ, ಮ್ಯಾಲ ರಾಕೆಟ್ ಹಾರಸ್ತಾರಂತ! ನಮ್ಮ ತೆರಿಗಿ ರೊಕ್ಕ ಮುಗಿಲಿಗೆ ಸುರವಿದ್ರ ನಮಗೇನ ಬಂತಲೇ?”

“ಹೊಳಿ ಏರೂದು, ಮಳಿ ಬರೂದು ಮೊದ್ಲ ಹೆಂಗ ಗೊತ್ತಾಕ್ಕೈತಿ? ಅಲ್ಲಿಂದನ ನೋಡಿ ಹೇಳ್ತಾರ. ಅದನ್ನ ಕೇಳೇ ನಾ ಹಾಸು ಹಾಕ್ತೀನಿ” ಎನ್ನುತ್ತಿದ್ದ ರಾಮಲಿಂಗಪ್ಪ.

“ಮುಗಿಲಾಗಿನ ಕಣ್ಣಿಗೆ ಕೋಟಿಗಟ್ಟಲೆ ಸುರಿವ್ಯಾರ, ಆತು. ನೆಲದ ಮ್ಯಾಲಿನ ಬಡವನ ಕಣ್ಣಿಗೆ? ಕಣ್ಣಿನ ಡಾಕ್ಟರನ್ನ ಹುಡಿಕ್ಕೋಂತ ಊರೂರು ತಿರುಗಬೇಕು.”

“ನಿಮ್ಮ ಜಗಳಕ್ಕ ರಾಕೆಟ್ಟೂ ನಿಲ್ಲಂಗಿಲ್ಲ, ಕರೆಂಟೂ ಬರಂಗಿಲ್ಲ” ಎಂದು ರಾಮಲಿಂಗಪ್ಪನ ಹೆಂಡತಿ ಅನಸವ್ವ ಚಹಾ ತಂದಿಡುತ್ತಿದ್ದಳು. ಹನ್ನೆರಡು ವರ್ಷ ಹೀಗೇ ನಡೆದಿತ್ತು.

ಆದರೆ ಈ ದಸರೆಯಿಂದೀಚೆಗೆ ಗಿರಿಮಲ್ಲಪ್ಪ ಕಣ್ಣಿನ ಮಾತು ತೆಗೆದರೆ ಸಾಕು, ರಾಮಲಿಂಗಪ್ಪ ಮಾತು ಬೇರೆ ಕಡೆ ತಿರುಗಿಸುತ್ತಿದ್ದ. ಮಂದ ಬೆಳಕಿನ ಓಡುವ ಚಿಕ್ಕಿ ಕಂಡರೆ ಎಳೆಯೂ ಕಾಣುತ್ತದೆ, ಇದು ಅವನು ಯಾರಿಗೂ ಹೇಳದೆ ತನಗೆ ತಾನೇ ಇಟ್ಟುಕೊಂಡ ಪರೀಕ್ಷೆ. ದಸರೆಗೆ ಬರಬೇಕಿದ್ದ ಒಂದು ಕಾಣಲಿಲ್ಲ. ದೀಪಾವಳಿಗೆ ಯಾವುದೂ ಕಾಣಲಿಲ್ಲ. ಬೀದಿದೀಪದ ಸುತ್ತ ಬಣ್ಣದ ಬಳೆಗಳು ಮಾತ್ರ ಕಂಡವು. ಹಿಂದಿನ ಹಾಸಿನಲ್ಲಿ ಹರಿದ ಎಳೆಯನ್ನು ಬೆರಳಿನಿಂದಲೇ ತಡವಿ ಗಂಟು ಹಾಕಿದ್ದ. ಹಾಕಿದ್ದು ಪಕ್ಕದ ಎಳೆಗೆ. ನೇಕಾರರ ಸಂಘದ ಮ್ಯಾನೇಜರು ಸೀರೆಯನ್ನು ಬೆಳಕಿಗೆ ಹಿಡಿದು, “ಇನ್ನೊಮ್ಮಿ ಹಿಂಗಾದ್ರ ನೂಲು ಬ್ಯಾರೇದವ್ರಿಗೆ ಕೊಡಬೇಕಾಕ್ಕೈತ್ರಿ” ಎಂದಿದ್ದರು. ರಾಮಲಿಂಗಪ್ಪ ನೂಲೇ ಸರಿಯಿಲ್ಲ ಎಂದು ಸುಳ್ಳು ಹೇಳಿ ಬಂದ. ನೂಲು ನಿಂತರೆ ಮಗ್ಗ ಒಲೆಗೆ ಹಾಕುವ ಕಟ್ಟಿಗೆ.

ಮನೆಯಲ್ಲಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಬಡವನ ಕಣ್ಣಿನ ಬಗ್ಗೆ ಗಿರಿಮಲ್ಲಪ್ಪ ಆಡಿದ ಮಾತೇ ಗೆಲ್ಲುತ್ತಿತ್ತು. ಹನ್ನೆರಡು ವರ್ಷ ವಾದ ಮಾಡಿದ ಗಂಡಸು ನೋಡಿ, ಸೋತೆ ಎನ್ನುವುದಕ್ಕಿಂತ ಕುರುಡಾಗುವುದೇ ಲೇಸು ಎಂದುಕೊಳ್ಳುವ ಜಾತಿ.

ಹೀಗಿರುವಾಗ ಒಂದು ಸಂಜೆ ಚಹಾದ ಹೊತ್ತಿಗೆ ಅನುರಾಧಾ ಮೊಬೈಲು ಹಿಡಿದು ಓಡಿ ಬಂದಳು. “ಮಾವಾರ, ಗುರುವಾರ ಮುಂಜಾನೆ ಐದೂ ನಲವತ್ತಕ್ಕ ನಮ್ಮ ದೇಶದ್ದ ಹಳೇ ರಾಕೆಟ್ಟಿನ ತುಂಡು ನಮ್ಮ ಮ್ಯಾಲಿಂದ ಹೋಕ್ಕೈತ್ರಿ. ಅವತ್ತ ಹಾಸು ಹಾಕಿರತೇವಿ, ಎಲ್ಲಾರೂ ನೋಡೂಣ್ರಿ!”

ಗಿರಿಮಲ್ಲಪ್ಪ ಬಸಿಯಲ್ಲಿದ್ದ ಚಹಾ ಕೆಳಗಿಟ್ಟ. “ನಮ್ಮ ರೊಕ್ಕದ ತುಂಡೇನು? ತೋರಸಲೇ ರಾಮ್ಲಿಂಗ. ಕಂಡ್ರ ಇನ್ನ ಮ್ಯಾಲ ಬಾಯಿ ಮುಚ್ಚಿಕೊಂಡಿರ್ತೀನಿ.”

“ನನ್ನ ಬಟ್ಟು ತೋರ್ಸಿದಲ್ಲಿ ನೋಡು, ಸಾಕು” ಎಂದುಬಿಟ್ಟ ರಾಮಲಿಂಗಪ್ಪ. ಮಾತು ಬಾಯಿಂದ ಹೊರಬಿದ್ದ ಮೇಲೆ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಮೂರು ದಿನ ಅವನಿಗೆ ಆ ರಾಕೆಟ್ಟಿನ ತುಂಡಿನದೇ ಚಿಂತೆ. ಅದು ಉತ್ತರಕ್ಕೆ ಹುಟ್ಟಿ, ನೆತ್ತಿ ದಾಟಿ, ದಕ್ಷಿಣಕ್ಕೆ ಇಳಿಯುತ್ತದೆ ಎಂಬುದನ್ನು ಸೊಸೆಯ ಹತ್ತಿರ ಸಹಜವೆಂಬಂತೆ ಕೇಳಿ ತಿಳಿದು, ಪರೀಕ್ಷೆಗೆ ಕೂತವರ ಹಾಗೆ ಬಾಯಿಪಾಠ ಮಾಡಿದ. ಬುಧವಾರ ಮಲಗುವ ಮುನ್ನ, “ತಾಯಿ ಬನಶಂಕರಿ, ಒಂದೀಟು ಮೋಡ ಕಳಸವ್ವಾ” ಎಂದು ಬೇಡಿಕೊಂಡ. ಬೀದಿಯಲ್ಲಿ ಹಾಸು ಹಾಕುವ ಹಿಂದಿನ ದಿನ ಮೋಡ ಬೇಡಿದ ನೇಕಾರ ಆ ಊರಿನಲ್ಲಿ ಅವನೊಬ್ಬನೇ ಇರಬೇಕು.

ಗುರುವಾರ ಆಕಾಶ ತೊಳೆದಿಟ್ಟಂತಿತ್ತು. ಓಣಿಯ ಎಂಟು ಹತ್ತು ಮಂದಿ ಚಾದರ ಹೊದ್ದು ಬಂದು ನಿಂತರು. ಹಗ್ಗದ ತುದಿಯಲ್ಲಿ ಗಿರಿಮಲ್ಲಪ್ಪ, ಗಡಿಗೆ ಹಿಡಿದು ಅನಸವ್ವ. ಕುಂಚ ಹಿಡಿದ ರಾಮಲಿಂಗಪ್ಪ ಉತ್ತರ ದಿಕ್ಕಿಗೆ ಮುಖ ಮಾಡಿ ನಿಂತ.

“ಈಗ ಬರತೈತ್ರಿ!” ಎಂದಳು ಅನುರಾಧಾ.

ಅವನು ಉತ್ತರಕ್ಕೆ ಬೆರಳು ಚಾಚಿದ. “ಅಲ್ಲೇ ನೋಡ್ರಿ!”

“ಎಲ್ಲಿ? ಎಲ್ಲೈತಿ? ಹಾಂ, ಹಾಂ, ಬಂತು ಬಂತು!” ಎಂದು ಮಂದಿ ಗದ್ದಲ ಎಬ್ಬಿಸಿದರು. “ಐತಲ್ಲೋ! ಖರೇನ ಹೊಂಟೈತಲ್ಲೋ ರಾಮ್ಲಿಂಗ!” ಎಂದು ಗಿರಿಮಲ್ಲಪ್ಪ ಕೂಗಿದ. ಅವನ ಕೈಯ ಹಗ್ಗವೂ ಸಡಿಲಾಯಿತು. ರಾಮಲಿಂಗಪ್ಪನಿಗೆ ಕಂಡದ್ದು ಬೂದಿಬಣ್ಣದ ಮಬ್ಬು ಒಂದೇ. ಆದರೂ ಬಾಯಿಪಾಠದ ಪ್ರಕಾರ ಬೆರಳನ್ನು ಮೆಲ್ಲಗೆ ಮೇಲೆತ್ತುತ್ತಾ ಹೋದ. ಗೆದ್ದೆ ಎಂದು ಒಂದು ಗಳಿಗೆ ಅನ್ನಿಸಿತು ಕೂಡ.

ಆಮೇಲೆ ಗದ್ದಲ ನಿಂತಿತು. ತನ್ನ ಬೆರಳು ಇನ್ನೂ ನೆತ್ತಿಯ ಮೇಲಿದೆ, ಉಳಿದವರೆಲ್ಲ ಯಾವಾಗಲೋ ದಕ್ಷಿಣಕ್ಕೆ ತಿರುಗಿದ್ದಾರೆ ಎಂಬುದು ಅವನಿಗೆ ತಡವಾಗಿ ತಿಳಿಯಿತು. ಬೆರಳು ಇಳಿಸಿದ. ಮಂದಿ ಚಿಕ್ಕಿಯ ಮಾತಾಡುತ್ತಾ ಚದುರಿದರು.

ಅವನು ಕುಂಚ ಎಳೆಯಲು ಶುರುಮಾಡಿದ. ಗಿರಿಮಲ್ಲಪ್ಪ ಹಗ್ಗವನ್ನು ಅನುರಾಧಾಳ ಕೈಗೆ ಕೊಟ್ಟು ಬಂದು, ಹಾಸಿನ ಆಚೆ ಬದಿಯಲ್ಲಿ ಅವನ ಹಿಂದೆಯೇ ನಡೆಯತೊಡಗಿದ. ಸ್ವಲ್ಪ ದೂರ ಹೋಗಿ ಆ ಹೆಜ್ಜೆ ನಿಂತಿತು. ಮತ್ತೆ ನಡೆಯಿತು, ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ರಾಮಲಿಂಗಪ್ಪ ಹಿಂದೆ ಹೋಗಿ ಹಾಸಿನ ಮೇಲೆ ಬಗ್ಗಿದ. ಮೂಗು ತಾಗುವಷ್ಟು ಹತ್ತಿರ ಹೋದ ಮೇಲೆ ಕಂಡಿತು: ಗೆಳೆಯನ ದಪ್ಪ ಬೆರಳುಗಳು ತಾನು ದಾಟಿಬಂದ ಹರಿದ ಎಳೆಗೆ ಗಂಟು ಹಾಕುತ್ತಿದ್ದವು.

“ಗಿರಿಮಲ್ಲ, ನನಗ ಕಾಣಂಗಿಲ್ಲೋ” ಎಂದ.

“ಯಾವಾಗಿಂದಲೇ?”

“ದಸರಿಯಿಂದ.”

“ಹೇಳಬಾರದಾಗಿತ್ತೇನು?”

“ಹೇಳಿದ್ರ ನೀ ಗೆಲ್ಲತಿದ್ದಿ.”

“ಬೆಂಕಿ ಹಚ್ಚು ಆ ಗೆಲುವಿಗೆ” ಎಂದ ಗಿರಿಮಲ್ಲಪ್ಪ, ಗಂಟಿನ ಮೇಲಿಂದ ತಲೆ ಎತ್ತದೆ.

ಅನಸವ್ವ ಗಡಿಗೆ ಕೆಳಗಿಟ್ಟಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಇಲ್ಲಿ ಕೊಡ್ರಿ, ಗಂಜಿ ಆರಾಕತ್ತೈತಿ” ಎಂದು ಕುಂಚ ಇಸಿದುಕೊಂಡು ಮುಂದೆ ನಡೆದಳು. ರಾಮಲಿಂಗಪ್ಪ ತುದಿಗೆ ಹೋಗಿ ಸೊಸೆಯ ಕೈಯಿಂದ ಹಗ್ಗ ತೆಗೆದುಕೊಂಡ. ತನ್ನ ಮನೆಯ ಹಾಸಿನಲ್ಲಿ ಅವನು ಹಗ್ಗ ಹಿಡಿದು ನಿಂತದ್ದು ಅದೇ ಮೊದಲು.

ಹಾಸು ಮುಗಿಯುವ ಹೊತ್ತಿಗೆ ಗಿರಿಮಲ್ಲಪ್ಪ ಕೈ ಒರೆಸಿಕೊಳ್ಳುತ್ತಾ ಬಂದ. “ನಾಳೆ ಮಹಾಲಿಂಗಪುರಕ್ಕ ಕಣ್ಣಿನ ದವಾಖಾನಿಗೆ ಹೋಗೂಣು. ಕಣ್ಣಿಗೆ ಪರಿ ಬಂದಿದ್ರ ಆಪರೇಷನ್ ಮಾಡಿ ತಗೀತಾರ.”

“ಪರಿ ಅಲ್ಲದಿದ್ರ?”

ಗಿರಿಮಲ್ಲಪ್ಪ ಬೆರಳಿಗೆ ಅಂಟಿದ ಗಂಜಿಯನ್ನು ಮತ್ತೆ ಒರೆಸಿಕೊಂಡ. ರಾಮಲಿಂಗಪ್ಪನೇ ಮತ್ತೆ ಕೇಳಿದ. “ಹೆಂಗಿತ್ತೋ ಆ ತುಂಡು?”

“ಸಣ್ಣದು. ಭಾಳ ಸಣ್ಣದು. ಆದ್ರ ಎಲ್ಲೂ ನಿಲ್ಲಲಿಲ್ಲ ನೋಡು, ಸರಳ ಹೋತು. ನಮ್ಮದು ಅನಿಸ್ತಲೇ.” ಅವನು ದಕ್ಷಿಣದ ಕಡೆ ನೋಡಿದ. “ಇನ್ನೂ ಹಾರಸಲಿ ಅವ್ರು. ನೀ ನೋಡಬೇಕಾಗಿತ್ತು.”

ಹನ್ನೆರಡು ವರ್ಷದಲ್ಲಿ ಗಿರಿಮಲ್ಲಪ್ಪ ರಾಕೆಟ್ಟಿನ ಪರವಾಗಿ ಆಡಿದ ಮೊದಲ ಮಾತು ಅದು. ವಾದ ಗೆದ್ದ ರಾಮಲಿಂಗಪ್ಪ ಹಗ್ಗ ಹಿಡಿದುಕೊಂಡೇ ಅತ್ತುಬಿಟ್ಟ.